ಇದ್ದ ಡಿಶ್ ಪಕ್ಕ ಇನ್ನೊಂದು ಡಿಶ್

ಎದುರುಮನೆ ತಾರಸಿ ಮೇಲೆ ಈಗಷ್ಟೇ ಮೂರನೇ ಡಿಶ್ ಕೂತಿತು. ಮೊದಲೇ ಎರಡಿದ್ದವು, ಎರಡೂ ಗಟ್ಟಿಮುಟ್ಟು. ತುಕ್ಕಿಲ್ಲ, ಎಲ್ಲೂ ನೆಗ್ಗಿಲ್ಲ. ಆಗಿದ್ದಿಷ್ಟೇ, ಮನೆಯವರು ಕಂಪನಿ ಬದಲಾಯಿಸಿದ್ರು. ಹಳೇ ಬಾಕ್ಸ್ ಅಟ್ಟಕ್ಕೆ, ಹಳೇ ಡಿಶ್ ಬಟ್ಟೆಹಗ್ಗ ಕಟ್ಟೋಕೆ. ಡಿಶ್ ವಿಷಯ ಬಂದ್ರೆ ನನಗೆ ಪಿತ್ತ ನೆತ್ತಿಗೇರೋದು ನಿಮಗೇನೂ ಹೊಸದಲ್ಲ. ಆದ್ರೂ ಇನ್ನೊಂದ್ಸಲ ಓದ್ಕೊಳ್ಳಿ.

ಮೊಬೈಲ್ ನಂಬರ್ ಉಳಿಸ್ಕೊಂಡು ಕಂಪನಿ ಬದಲಾಯಿಸೋ ಸೌಲಭ್ಯ 2011ರ ಜನವರಿಗೇ ದೇಶಕ್ಕೆಲ್ಲ ಬಂತು. ಡಿಟಿಎಚ್‌ಗೆ (ಉಪಗ್ರಹದಿಂದ ನೇರ ಮನೆ ಡಿಶ್‌ಗೆ ಬರೋ ಟಿವಿ) ಇಂಥದ್ದೊಂದು ಮಾತು ಅದಕ್ಕೂ ಹತ್ತು ವರ್ಷ ಮುಂಚೆ ಬರವಣಿಗೆಯಲ್ಲೇ ಇತ್ತು! 1997ರಲ್ಲಿ ಸರ್ಕಾರ ಡಿಟಿಎಚ್ಚನ್ನೇ ನಿಷೇಧಿಸಿ ಕೂತಿತ್ತು. 2000ದ ನವೆಂಬರ್‌ನಲ್ಲಿ ಮನಸ್ಸು ಬದಲಾಯಿಸಿ, 2001ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಒಂದು ಕಂಪನಿಯ ಸೆಟ್‌ಟಾಪ್ ಬಾಕ್ಸ್ ಇನ್ನೊಂದು ಕಂಪನಿಗೂ ಹೊಂದಬೇಕು ಅನ್ನೋ ಷರತ್ತು ಅದರಲ್ಲೇ ಇದೆ. ಆಮೇಲೆ 2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ (ಈಗಿನ ಫ್ರೀ ಡಿಶ್), 2006ರಲ್ಲಿ ಟಾಟಾ ಸ್ಕೈ (ಈಗಿನ ಟಾಟಾ ಪ್ಲೇ), 2007ರ ಕೊನೆಗೆ ಸನ್ ಡೈರೆಕ್ಟ್, 2008ರಲ್ಲಿ ಏರ್‌ಟೆಲ್, ಒಂದರ ಹಿಂದೊಂದು ಬಂದ್ವು. ಷರತ್ತು ಮಾತ್ರ ಕಾಗದದಲ್ಲೇ ಆರಾಮಾಗಿ ಮಲಗಿತು.

ಕಂಪನಿಗಳು ಮಾಡಿದ್ದು ಬಹಳ ಜಾಣತನದ ಕೆಲಸ. ಬಾಕ್ಸ್‌ನಲ್ಲಿ ಬೇರೆ ಕಂಪನಿಯ ಮಾಡ್ಯೂಲ್ (ಆ ಕಂಪನಿಯ ಚಾನೆಲ್ ಬೀಗ ತೆಗೆಯೋ ಬಿಲ್ಲೆ) ಸಿಕ್ಕಿಸೋಕೆ ಒಂದು ಸಂದಿ ಇಟ್ರು, ಷರತ್ತು ಪಾಲಿಸಿದ ಹಾಗಾಯ್ತು. ಆ ಮಾಡ್ಯೂಲ್ ಎಲ್ಲಿ ಸಿಗುತ್ತೆ ಅಂತ ಕೇಳಿದ್ರೆ ಆಕಾಶ ನೋಡಿದ್ರು. ದುಡ್ಡು ಕೊಡದವರಿಗೆ ಚಾನೆಲ್ ಕಾಣದ ಹಾಗೆ ಹಾಕೋ ಬೀಗವೂ ಬೇರೆಬೇರೆ: ಒಬ್ಬರದು ಕೊನಾಕ್ಸ್, ಒಬ್ಬರದು ಇರ್ಡೆಟೊ, ಮತ್ತೊಬ್ಬರದು ಎನ್‌ಡಿಎಸ್. ಚಿತ್ರ ಕುಗ್ಗಿಸಿ ಕಳಿಸೋ ವಿಧಾನವೂ ಅಷ್ಟೇ, ಮೊದಲು ಬಂದವರದು ಎಂಪೆಗ್-2, ಆಮೇಲೆ ಬಂದವರದು ಎಂಪೆಗ್-4. ಹಾಗಾಗಿ ಬೀಗ ತೆಗೆದ್ರೂ ಹಳೇ ಬಾಕ್ಸ್‌ಗೆ ಹೊಸಬರ ಚಿತ್ರ ಬಿಡಿಸೋಕೆ ಬರ್ತಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮತ್ತೆ ಶಿಫಾರಸು ಮಾಡಿತು, ಬಾಕ್ಸ್‌ಗಳೆಲ್ಲ ಪರಸ್ಪರ ಹೊಂದಲೇಬೇಕು ಅಂತ. ಎದುರುಮನೆ ತಾರಸಿ ನೋಡಿದ್ರೆ ಅದರ ಗತಿ ಗೊತ್ತಾಗುತ್ತೆ.

"ಬಾಕ್ಸನ್ನ ನಷ್ಟಕ್ಕೆ ಕೊಡ್ತೀವಿ, ಬೀಗ ಹಾಕದಿದ್ರೆ ಹೇಗೆ?" ಅಂತಾರೆ ಕಂಪನಿಯವರು. ಸರಿ ಸ್ವಾಮಿ, ಬಾಕ್ಸ್‌ಗೆ ಬೀಗ ಹಾಕ್ಕೊಳ್ಳಿ. ಡಿಶ್‌ಗೆ ಯಾವ ಬೀಗ? ಅದು ಬರೀ ತಗಡು. ಕೇಬಲ್ ಆರ್‌ಜಿ-6, ಎಲ್ಲರದೂ ಅದೇ. ಎಲ್‌ಎನ್‌ಬಿ (ಡಿಶ್ ಮುಂದೆ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯೋ ಡಬ್ಬಿ) ಮೇಲೆ 9750/10600 ಎರಡೂ ಅಂಕಿ ಇದ್ರೆ ಅದು ಯೂನಿವರ್ಸಲ್, ಯಾವ ಉಪಗ್ರಹಕ್ಕೆ ಬೇಕಾದ್ರೂ ತಿರುಗಿಸ್ಬಹುದು. 10600 ಒಂದೇ ಇದ್ರೆ ಮಾತ್ರ ತೊಂದರೆ: ಫ್ರೀ ಡಿಶ್‌ನ 11090 ಮೆಗಾಹರ್ಟ್ಸ್ ಸಿಗ್ನಲ್‌ನಲ್ಲಿ ಅದು 10600 ಕಳೆದು ಬಾಕ್ಸ್‌ಗೆ ಇಳಿಸೋದ್ರಿಂದ ಉಳಿಯೋದು 490. ಬಾಕ್ಸ್‌ಗೆ ಕನಿಷ್ಠ 950 ಬೇಕು. ಆಗ ಎಲ್‌ಎನ್‌ಬಿ ಒಂದನ್ನ ಬದಲಾಯಿಸಿ, ತಗಡು, ಕಂಬ, ವೈರ್ ಎಲ್ಲ ಹಳೇದೇ ಸಾಕು. ಆದ್ರೆ ಡಿಶ್ ಕೂರಿಸೋಕೆ ಬಂದ ಹುಡುಗನಿಗೆ ಹೊಸದು ಹಾಕೋದೇ ಸಲೀಸು. ಹಳೇದನ್ನ ತಿರುಗಿಸಿ ಸರಿಮಾಡೋಕೆ ಅರ್ಧ ಗಂಟೆ ತಾಳ್ಮೆ ಬೇಕು, ಅವನಿಗೆ ಇನ್ನೂ ನಾಲ್ಕು ಮನೆ ಇರುತ್ತೆ. ಅವನನ್ನ ಬೈದು ಪ್ರಯೋಜನ ಇಲ್ಲ.

"ಈಗ ಯಾರ್ರೀ ಡಿಶ್ ಹಾಕಿಸ್ತಾರೆ, ಎಲ್ಲ ಮೊಬೈಲಲ್ಲೇ" ಅನ್ನೋರು ದಯವಿಟ್ಟು ಜುಲೈ ತಿಂಗಳಲ್ಲಿ ಆಗುಂಬೆ, ಹೊಸನಗರ ಕಡೆ ಹೋಗಿ ಬನ್ನಿ. ಮರ ಬಿದ್ದು ಫೈಬರ್ ಹರಿದ್ರೆ ಯಾವಾಗ ಬಂದು ಜೋಡಿಸ್ತಾರೋ ದೇವರೇ ಬಲ್ಲ. ದುಡ್ಡು ಕೊಟ್ಟು ನೋಡೋ ಡಿಟಿಎಚ್ ಗ್ರಾಹಕರು 7 ಕೋಟಿಯಿಂದ 6 ಕೋಟಿಗಿಂತ ಕೆಳಗೆ ಇಳಿದಿದ್ದಾರೆ, ನಿಜ. ಮಿಕ್ಕ ಅಷ್ಟು ಕೋಟಿ ಮನೆಗಳೇನು ಲೆಕ್ಕಕ್ಕಿಲ್ವಾ?

ಈಗ ಆಯ್ಕೆ ವಿಷಯ. ಎಲ್ಲರೂ ಕೇಳೋದು "ಯಾವ ಕಂಪನಿ ಚೆನ್ನಾಗಿದೆ?" ಅಂತ. ಮೊದಲು ಕೇಳಬೇಕಾದ್ದು ನಿಮ್ಮ ತಾರಸಿಯಿಂದ ಆಕಾಶದ ಯಾವ ಮೂಲೆ ಕಾಣುತ್ತೆ ಅಂತ. ಬಾಕ್ಸ್ ಒಮ್ಮೆ ತಗೊಂಡ್ರೆ ಸಿಕ್ಕಿಹಾಕಿಕೊಂಡ ಹಾಗೇ ಅಲ್ವಾ, ಅದಕ್ಕೇ ಇದು ಮುಖ್ಯ. ಬೆಂಗಳೂರಿನ ಲೆಕ್ಕ ಹೇಳ್ತೀನಿ. ಟಾಟಾ ಪ್ಲೇ ಉಪಗ್ರಹ ಇರೋದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಇಲ್ಲಿಂದ ನೋಡಿದ್ರೆ ನೆತ್ತಿಯ ಹತ್ತಿರ, ದಿಗಂತದಿಂದ ಸುಮಾರು 73 ಡಿಗ್ರಿ ಎತ್ತರ, ದಕ್ಷಿಣದಿಂದ ಸ್ವಲ್ಪ ಪೂರ್ವಕ್ಕೆ. ಫ್ರೀ ಡಿಶ್ 93.5ರಲ್ಲಿ, ಎತ್ತರ 66, ಆಗ್ನೇಯಕ್ಕೆ. ಏರ್‌ಟೆಲ್ 108.2ರಲ್ಲಿ, ಎತ್ತರ ಬರೀ 51-52, ಹೆಚ್ಚುಕಮ್ಮಿ ಪೂರ್ವಕ್ಕೇ. ಡಿಶ್‌ಗಿಂತ ಹತ್ತು ಮೀಟರ್ ಎತ್ತರದ ತೆಂಗಿನ ಮರ ಅದೇ ದಿಕ್ಕಲ್ಲಿದ್ರೆ, ಟಾಟಾ ಪ್ಲೇಗೆ ಮೂರು ಮೀಟರ್ ದೂರ ಸಾಕು, ಫ್ರೀ ಡಿಶ್‌ಗೆ ನಾಲ್ಕೂವರೆ, ಏರ್‌ಟೆಲ್‌ಗೆ ಎಂಟು ಬೇಕು. ಗರಿ ಗಾಳಿಗೆ ಆಡುತ್ತೆ, ಅದಕ್ಕೊಂದಿಷ್ಟು ಸೇರಿಸ್ಕೊಳ್ಳಿ. ಮಲೆನಾಡಿನಿಂದ ಏರ್‌ಟೆಲ್ ಇನ್ನೂ ಎರಡು-ಮೂರು ಡಿಗ್ರಿ ಕೆಳಗೆ. ಬೀದರ್‌ನಿಂದ ಫ್ರೀ ಡಿಶ್ ಬೆಂಗಳೂರಿಗಿಂತ ನಾಲ್ಕು ಡಿಗ್ರಿ ಕೆಳಗೆ. ಉಪಗ್ರಹ ಎತ್ತರದಲ್ಲಿದ್ದಷ್ಟೂ ಸಿಗ್ನಲ್ ಮಳೆಯೊಳಗೆ ಸಾಗೋ ದಾರಿ ಗಿಡ್ಡ, ಇದೂ ಒಂದು ಲಾಭ. ಇದನ್ನ ಯಾವ ಕಂಪನಿ ಜಾಹೀರಾತಲ್ಲಿ ಹೇಳಿದೆ ತೋರಿಸಿ!

ಹಳೇ ಡಿಶ್ಶನ್ನೇ ತಿರುಗಿಸೋದಾದ್ರೆ ಕಂಬ ನೆಟ್ಟಗಿದೆಯಾ ಅಂತ ಮೊದಲು ಮಟ್ಟಗೋಲಲ್ಲಿ ನೋಡಿ. ಕಂಬ ಸೊಟ್ಟಗಿದ್ರೆ ಒಂದು ಕಡೆ ತಿರುಗಿಸಿದಾಗ ಎತ್ತರವೂ ಜಾರುತ್ತೆ. ಡಿಶ್ ಮುಖ ಎಲ್ಲಿಗಿದೆಯೋ ಸಿಗ್ನಲ್ ಅಲ್ಲಿಂದ ಬರೋದಿಲ್ಲ, ಅದಕ್ಕಿಂತ ಸುಮಾರು 25 ಡಿಗ್ರಿ ಮೇಲಿಂದ ಬರುತ್ತೆ. ಆಮೇಲೆ ಎಲ್ಲರೂ ಮರೆಯೋದು, ಹಿಡಿಕೆಯಲ್ಲಿ ತಿರುಚಿ ಕೂರಿಸಬೇಕಾದ ಎಲ್‌ಎನ್‌ಬಿ ಓರೆ. ನಾವು ಭೂಮಧ್ಯರೇಖೆಗೆ ಹತ್ತಿರ ಇರೋದ್ರಿಂದ ದೆಹಲಿಗಿಂತ ಇಲ್ಲಿ ಓರೆ ಬಹಳ ಜಾಸ್ತಿ. 83ಕ್ಕೆ ಸುಮಾರು 22 ಡಿಗ್ರಿ, 93.5ಕ್ಕೆ 50, 108.2ಕ್ಕೆ 65. ದೆಹಲಿಯಲ್ಲಿ ಫ್ರೀ ಡಿಶ್‌ಗೆ 27 ಸಾಕು. ಡಿಶ್ಶನ್ನ ಪಕ್ಕಕ್ಕೆ ತಿರುಗಿಸಿ ಎಲ್‌ಎನ್‌ಬಿ ಹಾಗೇ ಬಿಟ್ರೆ "ಸ್ಟ್ರೆಂತ್" ಪಟ್ಟಿ ತುಂಬಿರುತ್ತೆ, "ಕ್ವಾಲಿಟಿ" ಸೊನ್ನೆ. ನೋಡಬೇಕಾದ್ದು ಕ್ವಾಲಿಟಿನೇ. ಫ್ರೀ ಡಿಶ್‌ಗೆ ಬಾಕ್ಸ್ ಸೆಟ್ಟಿಂಗ್‌ನಲ್ಲಿ ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಕೊಟ್ಟು, ಕೂದಲೆಳೆಯಷ್ಟು ತಿರುಗಿಸಿ ನಾಲ್ಕೈದು ಸೆಕೆಂಡ್ ಕಾಯಿರಿ, ಬಾಕ್ಸ್‌ಗೆ ಅಷ್ಟು ಹೊತ್ತು ಬೇಕು.

ಜಿಟಿಜಿಟಿ ಮಳೆಗೇ ಚಿತ್ರ ಹೋದ್ರೆ ಡಿಶ್ ಒಂದು ಡಿಗ್ರಿ ಜಾರಿದೆ ಅಂತ ಅರ್ಥ. ಧೋ ಅಂತ ಸುರಿದಾಗ ಹತ್ತು ನಿಮಿಷ ಹೋದ್ರೆ ಅದು ಕೆಯು ಬ್ಯಾಂಡ್ (ಡಿಟಿಎಚ್ ಬಳಸೋ ತರಂಗಗಳ ಪಟ್ಟಿ) ಸ್ವಭಾವ. 60 ಸೆಂಟಿಮೀಟರ್ ಬದಲು 90ರ ಡಿಶ್ ಹಾಕಿ, ಎರಡೂಕಾಲು ಪಟ್ಟು ಸಿಗ್ನಲ್ ಬರುತ್ತೆ. ಮಳೆ ನಿಂತು ಗಂಟೆಯಾದ್ರೂ ಬರದಿದ್ರೆ ಎಲ್‌ಎನ್‌ಬಿ ಮುಖದ ಮುಚ್ಚಳ ಬಿಸಿಲಿಗೆ ಸೀಳಿದೆ ಇಲ್ಲಾ ಕನೆಕ್ಟರ್‌ಗೆ ನೀರು ಇಳಿದಿದೆ. ಕೇಬಲ್ಲನ್ನ ಎಲ್‌ಎನ್‌ಬಿಗಿಂತ ಕೆಳಗೆ ಒಂದು ಸುತ್ತು ಜೋತುಬಿಟ್ಟು ಕಟ್ಟಿದ್ರೆ ನೀರು ಅಲ್ಲೇ ತೊಟ್ಟಿಕ್ಕುತ್ತೆ.

ದುಡ್ಡಿನ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಚಾನೆಲ್ ಬೆಲೆ ಬಿಟ್ಟು ಕಂಪನಿ ತಿಂಗಳಿಗೆ ತಗೊಳ್ಳೋ ನೆಟ್‌ವರ್ಕ್ ಶುಲ್ಕಕ್ಕೆ ಇದ್ದ 130 ರೂಪಾಯಿ ಮಿತಿಯನ್ನ ಟ್ರಾಯ್ 2024ರ ಜುಲೈನಲ್ಲಿ ತೆಗೆದುಹಾಕಿದೆ, ಹಾಗಾಗಿ ಪ್ಯಾಕ್ ಬೆಲೆ ಮಾತ್ರ ನೋಡಬೇಡಿ. ಶುಲ್ಕ, ಅದರ ಮೇಲೆ ಜಿಎಸ್‌ಟಿ, ಎರಡನೇ ಟಿವಿಯ ಶುಲ್ಕ ಎಲ್ಲ ಕೂಡಿಸಿ. ನಿಮಗೆ ಬೇಕಾಗಿರೋದು ಕನ್ನಡದ ಏಳೆಂಟು ಚಾನೆಲ್ ಆಗಿದ್ರೆ ಅವನ್ನ ಬಿಡಿಬಿಡಿಯಾಗಿ ಆರಿಸಿ ಲೆಕ್ಕ ಹಾಕಿ, ಆಮೇಲೆ ಪ್ಯಾಕ್ ಜತೆ ಹೋಲಿಸಿ. ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತೆ, ಉಳಿದಿದ್ದು ಬಹುಪಾಲು ಹಿಂದಿ. ಕನ್ನಡದವರು ಬೀಗದ ಬಾಕ್ಸ್‌ಗಳ ಕಡೆ ಹೋಗಲೇಬೇಕಾಗೋದು ಇದರಿಂದಲೇ, ನನಗೆ ಇನ್ನಷ್ಟು ಉರಿಯೋದೂ ಇದಕ್ಕೇ. ವರ್ಷದ ರೀಚಾರ್ಜ್ ಮಾತ್ರ ಮೊದಲ ಸಲವೇ ಮಾಡಿಸ್ಬೇಡಿ, ಒಂದು ಮಳೆಗಾಲ ನೋಡಿ.

ಕಾಮೆಂಟಲ್ಲಿ "ಯಾವುದು ಬೆಸ್ಟ್ ಸಾರ್?" ಅಂತ ಕೇಳೋರು ಮೊದಲು ತಾರಸಿ ಹತ್ತಿ, ಪೂರ್ವದಿಂದ ದಕ್ಷಿಣದವರೆಗೆ ಏನೇನು ಅಡ್ಡ ಇದೆ, ಎಷ್ಟು ಎತ್ತರ, ಎಷ್ಟು ದೂರ ಅಂತ ಬರೀರಿ. ಹಳೇ ಎಲ್‌ಎನ್‌ಬಿ ಇದ್ರೆ ಅದರ ಮೇಲಿನ ಅಂಕಿನೂ ಹಾಕಿ.