ಒಂದೇ ಪ್ಲಗ್ಗಿನ ಮ್ಯೂಸಿಯಂ

ನಮ್ಮ ಪುಟ್ಟ ಮ್ಯೂಸಿಯಂಗೆ ಟಚ್ ಸ್ಕ್ರೀನ್ ಬಂದ ಸುದ್ದಿ ನೀವೂ ಓದಿರುತ್ತೀರಿ. ಫೋಟೋ ನೋಡಿರುತ್ತೀರಿ. ಅದರಲ್ಲಿ ಹನ್ನೊಂದು ಜನ ಇದ್ದಾರೆ. ಹನ್ನೊಂದು ಬೆರಳುಗಳು ಒಂದೇ ಪರದೆಯ ಕಡೆ ಚಾಚಿಕೊಂಡಿವೆ. ಹಿಂದೆ ಅರ್ಧ ಕಿವಿ ಮಾತ್ರ ಕಾಣುತ್ತದಲ್ಲ, ಅದು ನನ್ನದು. 'ಇತಿಹಾಸಕ್ಕೆ ಹೊಸ ಜೀವ' ಅಂತ ಕೆಳಗೆ ಬರೆದಿದ್ದರು. ಸಂತೋಷ. ಫೋಟೋದಲ್ಲಿ ಬಾರದ ಒಂದು ವಿಷಯ ಹೇಳುತ್ತೇನೆ. ಆ ಕೋಣೆಯಲ್ಲಿರುವುದು ಒಂದೇ ಪ್ಲಗ್ ಪಾಯಿಂಟ್. ಇಷ್ಟು ದಿನ ಅದರಲ್ಲಿ ಗಾಳಿಯ ತೇವ ಹೀರುವ ಯಂತ್ರ ಓಡುತ್ತಿತ್ತು. ಈಗ ಟಚ್ ಸ್ಕ್ರೀನ್ ಓಡುತ್ತಿದೆ. ತೇವ ಆರಾಮವಾಗಿದೆ.

ಪರದೆ ಮುಟ್ಟಿದರೆ ನೂರು ವರ್ಷ ಹಳೆಯ ಒಂದು ಪತ್ರ ಮೂಡುತ್ತದೆ. ಎರಡು ಬೆರಳಲ್ಲಿ ಅದನ್ನು ಹಿಗ್ಗಿಸಬಹುದು. ಅಸಲಿ ಪತ್ರ ಅಲ್ಲೇ ಮೂರಡಿ ಹಿಂದೆ ಕಪಾಟಿನಲ್ಲಿದೆ. ಅದು ಯಾರೂ ಮುಟ್ಟದೆಯೇ ಹಿಗ್ಗುತ್ತಿದೆ.

ಉದ್ಘಾಟನೆ ನಡೆದದ್ದು ಮೇ 18ಕ್ಕೆ. 1977ರಿಂದ ಆ ದಿನ ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಹಳೆಯ ಕಾಗದ, ಬಟ್ಟೆಯ ಮೇಲೆ ಸುಮಾರು 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಮ್ಯೂಸಿಯಂನವರ ಲೆಕ್ಕ. ಅಂದರೆ ಮಬ್ಬು ಬೆಳಕು. ಒಮ್ಮೆ ಮಾಸಿದ ಶಾಯಿ ವಾಪಸ್ ಬರುವುದಿಲ್ಲ. ಅದನ್ನೇ ಹೇಳೋಣ ಅಂತ ಹೋದೆ. ಅಷ್ಟರಲ್ಲಿ ವಿಡಿಯೋದವರು ಮೂರು ದೊಡ್ಡ ಲೈಟು ಹಚ್ಚಿದರು. "ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್, ನೆರಳು ಬೀಳ್ತಿದೆ" ಅಂದರು. ಅವತ್ತು ಆ ಪತ್ರಕ್ಕೆ ಯಾರಿಂದಾದರೂ ಉಪಕಾರ ಆಗಿದ್ದರೆ ಅದು ನನ್ನ ನೆರಳಿನಿಂದ.

ದಾನಿಗಳ ಹತ್ತಿರ ಮೊದಲೇ ಕೇಳಿದ್ದೆ, ನಿಜ ಹೇಳಬೇಕಲ್ಲ. ಪರದೆ ಬೇಡ, ಅದೇ ದುಡ್ಡಲ್ಲಿ ಎರಡು ವರ್ಷದ ಕರೆಂಟ್ ಬಿಲ್ಲು ಕಟ್ಟಿಬಿಡಿ ಅಂದೆ.

"ಬಿಲ್ಲು ಕಟ್ಟಿದ್ದಕ್ಕೆ ನಮ್ಮ ಹೆಸರಿನ ಬೋರ್ಡು ಎಲ್ಲಿ ಹಾಕ್ತೀರಿ?"

"ಮೀಟರ್ ಮೇಲೆ ಹಾಕ್ತೀವಿ."

"ಮೀಟರ್ ಹಿಂಬದಿ ಗೋಡೆಲಿದೆ. ಅಲ್ಲಿಗೆ ಯಾರು ಬರ್ತಾರೆ?"

ನ್ಯಾಯವಾದ ಪ್ರಶ್ನೆ. ಮುಂಬದಿಗೂ ಯಾರೂ ಬರುವುದಿಲ್ಲ ಅಂತ ಹೇಳಬೇಕೆನಿಸಿತು. ಸುಮ್ನಾದೆ.

ಆನೆ ಕೊಟ್ಟು ಅಂಕುಶಕ್ಕೆ ಜಗಳ ಅಂತಾರಲ್ಲ, ಸಣ್ಣ ಮ್ಯೂಸಿಯಂಗಳ ಕತೆ ಅದೇ. ಕಟ್ಟಡಕ್ಕೆ ದುಡ್ಡು ಸಿಗುತ್ತದೆ, ಕಸಪೊರಕೆಗೆ ಸಿಗುವುದಿಲ್ಲ. ನಮ್ಮಲ್ಲಿ ಮೂರು ಉದ್ಘಾಟನೆಯ ಕಲ್ಲುಗಳಿವೆ. ಕಟ್ಟಡಕ್ಕೊಂದು, ವಿಸ್ತರಣೆಗೊಂದು, ನವೀಕರಣಕ್ಕೊಂದು. ಸೂರು ಸೋರಿದರೂ ಏನೂ ಆಗದ ವಸ್ತುಗಳು ಇಡೀ ಮ್ಯೂಸಿಯಂನಲ್ಲಿ ಆ ಮೂರೇ. ಒಮ್ಮೆ ಅನುದಾನದ ಅರ್ಜಿ ತುಂಬಿದೆ. 'ನಿಮ್ಮ ಪ್ರಸ್ತಾವದಲ್ಲಿ ಹೊಸತನ ಏನು?' ಅಂತ ಒಂದು ಕಾಲಂ ಇತ್ತು. 'ಈ ಸಲ ಸೋರುವುದಿಲ್ಲ' ಅಂತ ಬರೆದೆ. ಅರ್ಜಿ ವಾಪಸ್ ಬಂತು.

ಮ್ಯೂಸಿಯಂ ಅಂದರೇನು ಅನ್ನುವುದಕ್ಕೇ ಜಗತ್ತಿನ ಪಂಡಿತರು ವರ್ಷಗಟ್ಟಲೆ ಜಗಳವಾಡಿದ್ದಾರೆ. ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ 2019ರಲ್ಲಿ ಕ್ಯೋಟೋದಲ್ಲಿ ಸೇರಿ, ಒಮ್ಮತ ಬರದೆ ಮತದಾನವನ್ನೇ ಮುಂದಕ್ಕೆ ಹಾಕಿತು. ಕೊನೆಗೆ 2022ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಹೊಸ ವ್ಯಾಖ್ಯೆ ಒಪ್ಪಿದರು. ಮ್ಯೂಸಿಯಂ ಅಂದರೆ ಸಮಾಜದ ಸೇವೆಗಿರುವ, ಲಾಭಕ್ಕಲ್ಲದ, ಕಾಯಂ ಸಂಸ್ಥೆಯಂತೆ. 'ಲಾಭಕ್ಕಲ್ಲದ' ಅನ್ನುವುದನ್ನು ನಾವು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ. 'ಕಾಯಂ' ಅನ್ನುವ ಕಡೆ ಸ್ವಲ್ಪ ಎಳೆದಾಟ. ಜನರಿಗೆ ತೆರೆದಿರಬೇಕು ಅಂತಲೂ ಅದರಲ್ಲಿದೆ. ನಮ್ಮ ಕೀಲಿ ಇರುವುದು ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ. ಅವರ ಮಂಡಿನೋವು ಕಮ್ಮಿ ಇದ್ದ ದಿನ ನಾವು ತೆರೆದಿರುತ್ತೇವೆ. ಪ್ರಾಗ್‌ನಲ್ಲಿ ಮಂಡಿಯ ಬಗ್ಗೆ ಚರ್ಚೆ ಆದ ಹಾಗಿಲ್ಲ.

ಅಂದ ಹಾಗೆ, ನಿಮ್ಮ ಮನೆಯಲ್ಲಿ ಹಳೆಯ ಹೊಲಿಗೆ ಯಂತ್ರ ಇದೆಯಾ? ಇದ್ದರೆ ದಯವಿಟ್ಟು ಅಲ್ಲೇ ಇರಲಿ. ನಮ್ಮಲ್ಲಿ ಏಳಿವೆ. ಸಣ್ಣ ಮ್ಯೂಸಿಯಂ ನಡೆಸುವ ಯಾರನ್ನು ಬೇಕಾದರೂ ಕೇಳಿ, ಅವರ ಹತ್ತಿರವೂ ನಾಲ್ಕೈದು ಇರುತ್ತವೆ. ಫೋನು ಬರುತ್ತದೆ: "ಸಾರ್, ಮನೆ ಖಾಲಿ ಮಾಡ್ತಿದ್ದೀವಿ. ಅಜ್ಜಿಯ ಹೊಲಿಗೆ ಮಷೀನಿದೆ. ತುಂಬಾ ಹಿಸ್ಟಾರಿಕಲ್." ಗುಜರಿಯವನು ಕಮ್ಮಿ ರೇಟು ಹೇಳಿದ್ದಾನೆ ಅಂತ ಇದರ ಅರ್ಥ. ಅಜ್ಜಿ ಅದರಲ್ಲಿ ಏನು ಹೊಲೀತಿದ್ರು ಅಂತ ಕೇಳುತ್ತೇನೆ. "ಬಟ್ಟೆ ಸಾರ್." ಯಾರಿಗೆ? ಯಾವಾಗ? ಫೋನಿನಲ್ಲಿ ಬರೀ ಗಾಳಿಯ ಸದ್ದು. ಕೊಟ್ಟಿದ್ದೀವಿ ಅಂತ ಕಾಗದಕ್ಕೆ ಸಹಿ ಹಾಕಿ ಅಂದರೆ ಅದೂ ಇಲ್ಲ. "ಸದ್ಯಕ್ಕೆ ಇಟ್ಕೊಂಡಿರಿ" ಅನ್ನುತ್ತಾರೆ. ನಾವು ಇಪ್ಪತ್ತು ವರ್ಷ ಎಣ್ಣೆ ಬಿಟ್ಟು ಒರೆಸಿದ ಮೇಲೆ ಮೊಮ್ಮಗ ಬರುತ್ತಾನೆ. ಮನೆಯ ಹಾಲ್‌ನಲ್ಲಿ ಶೋಗೆ ಇಡಬೇಕಂತೆ.

ಆದರೆ ಏಳರಲ್ಲಿ ಒಂದು ಬೇರೆ. ಅದರ ಡ್ರಾಯರ್‌ನಲ್ಲಿ ಒಂದು ಉದ್ದನೆ ನೋಟ್‌ಬುಕ್ಕಿತ್ತು. ಆ ಯಂತ್ರದಲ್ಲಿ ಹೊಲಿಯುತ್ತಿದ್ದ ಹೆಂಗಸು ಬರೆದಿಟ್ಟ ಇಡೀ ಬೀದಿಯವರ ಅಳತೆಗಳು. ಕತ್ತು, ಭುಜ, ತೋಳು. ಪಕ್ಕದಲ್ಲಿ ಹೆಸರು, ಅದರ ಪಕ್ಕದಲ್ಲಿ ಬಾಕಿ. ಒಬ್ಬ ಹುಡುಗನ ಅಳತೆ ಒಂಬತ್ತು ವರ್ಷ ಸತತವಾಗಿ ಏರುತ್ತಾ ಹೋಗಿದೆ, ಆಮೇಲೆ ಅವನ ಹೆಸರೇ ಇಲ್ಲ. ಊರು ಬಿಟ್ಟನೋ, ಏನಾಯಿತೋ. ನನ್ನ ಪ್ರಕಾರ ನಮ್ಮ ಮ್ಯೂಸಿಯಂನಲ್ಲಿರುವ ಅತ್ಯಂತ ಬೆಲೆಬಾಳುವ ವಸ್ತು ಅದು. ಟಚ್ ಸ್ಕ್ರೀನಿನಲ್ಲಿ ಅದು ಇಲ್ಲ. "ಲೆಕ್ಕದ ಪುಸ್ತಕ ಯಾರು ನೋಡ್ತಾರೆ?" ಅಂದರು.

ಲೆಕ್ಕ ಅಂದಾಗ ನೆನಪಾಯಿತು. ಮ್ಯೂಸಿಯಂನ ಪ್ರಾಣ ಇರುವುದು ರಿಜಿಸ್ಟರಿನಲ್ಲಿ. ಆ ನೋಟ್‌ಬುಕ್ಕಿನ ನಂಬರ್ 1998.14.3. 1998ರಲ್ಲಿ ಬಂದದ್ದು, ಆ ವರ್ಷದ ಹದಿನಾಲ್ಕನೇ ದಾನ, ಅದರಲ್ಲಿ ಮೂರನೇ ವಸ್ತು. ಇಷ್ಟು ಬರೆಯದಿದ್ದರೆ ಅದು ಬರೀ ಹಳೇ ನೋಟ್‌ಬುಕ್ಕು. ನಾಳೆ ಯಾರಾದರೂ ಎತ್ತಿಕೊಂಡು ಹೋದರೆ ಹೋಯಿತು ಅಂತಲೂ ಗೊತ್ತಾಗುವುದಿಲ್ಲ. ತಮಾಷೆಯಲ್ಲ. 2023ರ ಆಗಸ್ಟ್‌ನಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಬಯಲಾದದ್ದು ಇದೇ ಅಲ್ವಾ? ಸುಮಾರು 2000 ವಸ್ತುಗಳು ಕಳುವಾಗಿದ್ದವು, ಕಾಣೆಯಾಗಿದ್ದವು ಅಥವಾ ಹಾಳಾಗಿದ್ದವು. ಎಷ್ಟಕ್ಕೋ ಸರಿಯಾದ ದಾಖಲೆಯೇ ಇರಲಿಲ್ಲ. ನಿರ್ದೇಶಕರು ಹುದ್ದೆ ಬಿಟ್ಟರು. ಆಮೇಲೆ, ಐದು ವರ್ಷದಲ್ಲಿ ಇಡೀ ಸಂಗ್ರಹವನ್ನು ಡಿಜಿಟಲ್ ಪಟ್ಟಿಗೆ ಏರಿಸುತ್ತೇವೆ ಅಂತ ಹೇಳಿದರು. 1753ರಲ್ಲಿ ಹುಟ್ಟಿದ ಸಂಸ್ಥೆ. ಆ ಲೆಕ್ಕದಲ್ಲಿ ನಮಗಿನ್ನೂ ಇನ್ನೂರು ವರ್ಷಕ್ಕಿಂತ ಜಾಸ್ತಿ ಟೈಮಿದೆ.

ದಾಖಲೆ ಬರೆದಿಡುವುದು ಹೊಸದೇನಲ್ಲ. 1925ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ಊರ್ ಎಂಬ ಪುರಾತನ ನಗರವನ್ನು ಅಗೆಯುತ್ತಿದ್ದ. ಈಗಿನ ಇರಾಕ್‌ನಲ್ಲಿದೆ ಅದು. ಸುಮಾರು ಎರಡೂವರೆ ಸಾವಿರ ವರ್ಷ ಹಳೆಯ ಒಂದು ಕಟ್ಟಡದಲ್ಲಿ, ಅದಕ್ಕಿಂತ ಎಷ್ಟೋ ಶತಮಾನ ಹಳೆಯ ವಸ್ತುಗಳು ಒಟ್ಟಿಗೆ ಸಿಕ್ಕವು. ಬ್ಯಾಬಿಲೋನಿನ ದೊರೆ ನಬೊನಿಡಸ್‌ನ ಮಗಳು ಎನ್ನಿಗಾಲ್ಡಿ ಇದ್ದ ಜಾಗ ಅದು. ಜತೆಗೆ ಒಂದು ಸಣ್ಣ ಮಣ್ಣಿನ ಉರುಳೆ. ಅದರ ಮೇಲೆ ಹಳೆಯ ಇಟ್ಟಿಗೆಯೊಂದರ ಬರಹದ ನಕಲು. ಈ ಇಟ್ಟಿಗೆ ಯಾವ ರಾಜನದ್ದು, ಎಲ್ಲಿ ಸಿಕ್ಕಿತು, ಹುಡುಕಿದವರು ಯಾರು, ನೋಡುವವರು ಬೆರಗಾಗಲಿ ಅಂತ ನಕಲು ಮಾಡಿದ್ದೇನೆ, ಅಂತ ಬರೆದಿತ್ತು. ವೂಲಿ ಇದನ್ನು ಮ್ಯೂಸಿಯಂ ಲೇಬಲ್ ಅಂತಲೇ ಓದಿದ. ಎಷ್ಟು ಚೆನ್ನಾದ ಲೇಬಲ್ ನೋಡಿ. ನಮ್ಮ ಮೂರನೇ ಕಪಾಟಿನ ಲೇಬಲ್ ಹೀಗಿದೆ: 'ಹಳೆಯ ಪಾತ್ರೆ. ಪುರಾತನ ಕಾಲದ್ದು. ಮುಟ್ಟಬೇಡಿ.'

ಊರ್‌ನಲ್ಲಿ ಟಚ್ ಸ್ಕ್ರೀನ್ ಇರಲಿಲ್ಲ, ಪಾಪ.

ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲವೇ ಅಂತ ನಮ್ಮ ಸಮಿತಿಯಲ್ಲಿ ಒಬ್ಬರು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಮೇಯುತ್ತಿರುವುದು ಗೆದ್ದಲು. ಬ್ರೆಜಿಲ್‌ನ ರಿಯೋ ಡಿ ಜನೈರೊದ ರಾಷ್ಟ್ರೀಯ ಮ್ಯೂಸಿಯಂನಲ್ಲೂ ಮೊದಲು ಬಂದದ್ದು ಗೆದ್ದಲೇ. ಡೈನೋಸಾರ್ ಇಟ್ಟಿದ್ದ ಕೋಣೆಗೆ ಹತ್ತಿತು, ಕೋಣೆ ಮುಚ್ಚಿದರು, ಮತ್ತೆ ತೆರೆಯಲು ಜನರ ಹತ್ತಿರ ಚಂದಾ ಎತ್ತಿದರು. ಸುಮಾರು 2 ಕೋಟಿ ವಸ್ತುಗಳಿದ್ದ ಮ್ಯೂಸಿಯಂ, ಚಂದಾ ಎತ್ತಿತು. 2018ರಲ್ಲಿ ಅದಕ್ಕೆ 200 ವರ್ಷ ತುಂಬಿತು. ರಿಪೇರಿಯ ದುಡ್ಡಿಗೆ ಜೂನ್‌ನಲ್ಲಿ ಸಹಿ ಬಿತ್ತು. ದುಡ್ಡು ಕೈಗೆ ಬರುವ ಮೊದಲೇ, ಸೆಪ್ಟೆಂಬರ್ 2ರ ರಾತ್ರಿ ಎಲ್ಲ ಹೊತ್ತಿ ಉರಿಯಿತು. ಬೆಂಕಿ ನಂದಿಸಲು ಬಂದವರಿಗೆ ಹತ್ತಿರದ ಹೈಡ್ರಂಟ್‌ಗಳಲ್ಲಿ, ಅಂದರೆ ಬೆಂಕಿ ಆರಿಸಲೆಂದೇ ಇಟ್ಟ ಕೊಳಾಯಿಗಳಲ್ಲಿ, ನೀರು ಸಿಗಲಿಲ್ಲ. ಬೆಂಕಿ ಹುಟ್ಟಿದ್ದು ಒಂದು ಏಸಿಯಿಂದ ಅಂತ ತನಿಖೆಯಲ್ಲಿ ಗೊತ್ತಾಯಿತು.

ಮಾರನೇ ದಿನ ಜಗತ್ತೆಲ್ಲ ಅತ್ತಿತು. ಅಳುವುದಕ್ಕೆ ಎಲ್ಲರೂ ಬರುತ್ತಾರೆ. ವೈರಿಂಗ್ ನೋಡುವುದಕ್ಕೆ ಯಾರೂ ಬರುವುದಿಲ್ಲ. ನಾನು ಆರು ವರ್ಷದಿಂದ ಇನ್ನೊಂದು ಪ್ಲಗ್ ಪಾಯಿಂಟ್ ಕೇಳುತ್ತಿದ್ದೇನೆ. ಅರ್ಧ ದಿನದ ಕೆಲಸ. ಪ್ರತಿ ಸಭೆಯ ನಡಾವಳಿಯಲ್ಲೂ 'ಪರಿಶೀಲಿಸಲಾಗುವುದು' ಅಂತ ಬರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಆ ಹೆಂಗಸು ಕೈಯಾರೆ ಬರೆದ ಅಳತೆಗಳ ಮೇಲೆ ಬೂಷ್ಟು ಹತ್ತುತ್ತಿದೆ. ನಾಚಿಕೆಯಾಗುತ್ತದೆ. ಇದಕ್ಕೆ ಇನ್ನೇನು ವ್ಯಂಗ್ಯ ಮಾಡಲಿ, ನನಗೂ ಸಾಕಾಗಿದೆ.

ಮೊನ್ನೆ ಮೇಷ್ಟ್ರ ಮಂಡಿ ಚೆನ್ನಾಗಿತ್ತು. ಬಾಗಿಲು ತೆರೆದು ಒಳಗೆ ಬಂದರು, ಮೂಗು ಅರಳಿಸಿ ಒಮ್ಮೆ ವಾಸನೆ ನೋಡಿದರು. ಒಂದೂ ಮಾತಾಡದೆ ಪರದೆಯ ಪ್ಲಗ್ ಕಿತ್ತು ತೇವದ ಯಂತ್ರ ಸಿಕ್ಕಿಸಿದರು. ಅದು ಗೊರಗೊರ ಅನ್ನುತ್ತಾ ಶುರುವಾಯಿತು.

"ದಾನಿಗಳು ಕೇಳಿದ್ರೆ ಏನು ಹೇಳೋಣ ಮೇಷ್ಟ್ರೇ?"

"ರಿಜಿಸ್ಟರ್ ಕೊಡಿ ಇಲ್ಲಿ" ಅಂದರು. ಹೊಸ ಸಾಲಿನಲ್ಲಿ ದುಂಡಗೆ ಬರೆದರು: 'ಟಚ್ ಸ್ಕ್ರೀನ್, ಒಂದು. ಸ್ಥಿತಿ: ಉತ್ತಮ. ಬಳಕೆಯಲ್ಲಿಲ್ಲ.' ನಂಬರ್ ಕೊಟ್ಟರು. ಧೂಳು ಕೂರದಿರಲಿ ಅಂತ ಹೊಲಿಗೆ ಯಂತ್ರದ ಒಂದು ಹಳೇ ಹೊದಿಕೆ ತಂದು ಮೇಲೆ ಹಾಕಿದೆವು. ಅಳತೆ ಸರಿಯಾಗಿ ಕೂತಿತು.