ಕಿಮ್ ಆಂಗ್ ಯಾಕೆ ಹೊರಟರು ಅನ್ನುವುದನ್ನೂ ಹೇಳಿ

ಬೆಳಿಗ್ಗೆ ಮತ್ತೆ ಅದೇ ಫೋಟೋ ಫಾರ್ವರ್ಡ್ ಆಗಿ ಬಂತು. 'ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಮೊದಲ ಮಹಿಳಾ ಜನರಲ್ ಮ್ಯಾನೇಜರ್ ಕಿಮ್ ಆಂಗ್. ಸಾಧಿಸಿದರೆ ಸಬಳ ನುಂಗಬಹುದು!' ನನ್ನ ಬೇಸ್‌ಬಾಲ್ ಹುಚ್ಚು ನಿಮಗೆಲ್ಲ ಗೊತ್ತು, ಸುಮ್ಮನಿರಲು ಆಗಲಿಲ್ಲ. ಜನರಲ್ ಮ್ಯಾನೇಜರ್ ಅಂದರೆ ಆಟಗಾರರನ್ನು ಆರಿಸಿ ತಂಡ ಕಟ್ಟುವವರು. ಎಲ್ಲರೂ ಈ ಕಥೆಯನ್ನು 2020ರ ನವೆಂಬರಿಗೇ ನಿಲ್ಲಿಸಿಬಿಡುತ್ತಾರೆ. ಮಯಾಮಿ ಮಾರ್ಲಿನ್ಸ್ ತಂಡ ಕರೆದು ಆ ಕೆಲಸ ಕೊಟ್ಟಿತು, ಚಪ್ಪಾಳೆ, ಮುಗೀತು. 2023ರ ಅಕ್ಟೋಬರಿನಲ್ಲಿ ಆಕೆ ಯಾಕೆ ಹೊರಟರು? ಅದನ್ನು ಯಾರೂ ಹೇಳುವುದಿಲ್ಲ.

ಕಿಮ್ 1990ರಲ್ಲಿ ಷಿಕಾಗೋ ವೈಟ್ ಸಾಕ್ಸ್ ತಂಡಕ್ಕೆ ಇಂಟರ್ನ್ ಆಗಿ ಬಂದವರು. 29ನೇ ವಯಸ್ಸಿಗೇ ನ್ಯೂಯಾರ್ಕ್ ಯಾಂಕೀಸ್ ತಂಡದ ಅಸಿಸ್ಟೆಂಟ್ ಜನರಲ್ ಮ್ಯಾನೇಜರ್. ಅವರಿದ್ದಾಗ 1998, 1999, 2000, ಮೂರು ವರ್ಷವೂ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಯಾಂಕೀಸ್‌ನದ್ದೇ. ಆಮೇಲೆ ಡಾಡ್ಜರ್ಸ್ ತಂಡ, ಲೀಗ್ ಕಚೇರಿ. 2005ರಿಂದ ಎಷ್ಟೋ ತಂಡಗಳು ಜನರಲ್ ಮ್ಯಾನೇಜರ್ ಹುದ್ದೆಯ ಸಂದರ್ಶನಕ್ಕೆ ಕರೆದು ಬೇರೆಯವರನ್ನು ಆರಿಸಿಕೊಂಡವು. 'ಅಸಿಸ್ಟೆಂಟ್' ಅನ್ನುವುದು ಕಳಚಲು 22 ವರ್ಷ!

ಕುರ್ಚಿ ಸಿಕ್ಕ ಮೇಲೆ? ಒಳ್ಳೆಯ ಪಿಚರ್ (ಚೆಂಡು ಎಸೆಯುವವ) ಪಾಬ್ಲೊ ಲೋಪೆಸ್‌ನನ್ನು ಬಿಟ್ಟುಕೊಟ್ಟು ಬ್ಯಾಟರ್ ಲೂಯಿಸ್ ಅರಾಯೆಸ್‌ನನ್ನು ತಂದರು. ಆತ ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಬ್ಯಾಟಿಂಗ್ ಕಿರೀಟ ಗೆದ್ದ. ಮ್ಯಾನೇಜರ್ ಆಗಿ, ಅಂದರೆ ಮೈದಾನದಲ್ಲಿ ತಂಡ ನಡೆಸುವ ಕೋಚ್ ಆಗಿ, ತಂದ ಹೊಸಬ ಸ್ಕಿಪ್ ಶುಮೇಕರ್ ಮೊದಲ ವರ್ಷವೇ ಆ ಲೀಗ್‌ನ ಅತ್ಯುತ್ತಮ ಮ್ಯಾನೇಜರ್ ಆದರು. 2022ರ 162 ಪಂದ್ಯಗಳಲ್ಲಿ 93 ಸೋತಿದ್ದ ತಂಡ 2023ರಲ್ಲಿ 84 ಗೆದ್ದು ನಾಕ್‌ಔಟ್ ಹಂತವಾದ ಪ್ಲೇಆಫ್ ಸೇರಿತು. ಕೋವಿಡ್‌ನಿಂದ ಮೊಟಕಾದ 2020ರ ಸೀಸನ್ ಬಿಟ್ಟರೆ, ಅಲ್ಲಿಗೆ ತಲುಪಿದ್ದು 2003ರ ನಂತರ ಅದೇ ಮೊದಲು.

ಆಗಲೇ ಮಾಲೀಕರಿಗೆ ಕಿಮ್ ಮೇಲೆ ಬೇಸ್‌ಬಾಲ್ ವಿಭಾಗಕ್ಕೊಬ್ಬ ಅಧ್ಯಕ್ಷರು ಬೇಕು ಅನ್ನಿಸಿತು! ಇನ್ನೊಂದು ವರ್ಷ ಇರಿ ಎಂದರು. ಕಿಮ್ ಒಲ್ಲೆ ಎಂದು ಹೊರಟರು.

'ದುಡ್ಡು ಹಾಕಿದವರ ಇಷ್ಟ, ಬೇರೆ ತಂಡಗಳಲ್ಲೂ ಅಂಥ ಹುದ್ದೆ ಇದೆಯಲ್ಲ' ಅನ್ನುತ್ತೀರಿ. ಇದೆ. ಹಾಗಿದ್ದರೆ ಆ ಹುದ್ದೆಯನ್ನು ತಂಡ ಕಟ್ಟಿದವರಿಗೇ ಕೊಡಬೇಕಿತ್ತು. ಗೆಲ್ಲಿಸಿದ ಮೇಲೂ ಮೇಲೆ ಇನ್ನೊಬ್ಬರು ಬೇಕೆಂದರೆ ಆ ಹೆಂಗಸು ಇನ್ನೇನು ಮಾಡಿ ತೋರಿಸಬೇಕು?

ಹೌದು, ಇದರಲ್ಲಿ ನನ್ನ ಸ್ವಂತ ಹೊಟ್ಟೆಯುರಿಯೂ ಇದೆ. ಹಿಂದಿನ ಕೆಲಸದಲ್ಲಿ ನಾನು ಕಟ್ಟಿದ ಟೀಮ್ ಚೆನ್ನಾಗಿ ನಡೆಯತೊಡಗಿದ ಮೇಲೆ ನನ್ನ ಮೇಲೊಬ್ಬರನ್ನು ತಂದು ಕೂರಿಸಿದರು. ಮನೆ ಸಾಲದ ಕಂತಿತ್ತು, ನುಂಗಿಕೊಂಡೆ. ಕಿಮ್ ನುಂಗಿಕೊಳ್ಳಲಿಲ್ಲ. ನನಗೆ ಆಕೆಯ ಮೇಲೆ ಪ್ರೀತಿ ಹುಟ್ಟಿದ್ದು 2020ರಲ್ಲಲ್ಲ, ಆ ಅಕ್ಟೋಬರಿನಲ್ಲಿ.

2025ರಲ್ಲಿ ಅವರು ಮಹಿಳೆಯರ ಸಾಫ್ಟ್‌ಬಾಲ್ ಲೀಗ್‌ಗೆ ಕಮಿಷನರ್ ಆದರು. ಮೇಜರ್ ಲೀಗ್ ಬೇಸ್‌ಬಾಲ್ ಕೂಡ ಅದಕ್ಕೆ ಹಣ ಹೂಡಿತು. ಖುಷಿಯೇ. ಆದರೆ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಕಿಮ್ ಹೊರಟ ದಿನ ಆ ತಂಡಗಳ ಜನರಲ್ ಮ್ಯಾನೇಜರ್‌ಗಳ ಸಾಲಿನಲ್ಲಿ ಇನ್ನೊಬ್ಬ ಹೆಂಗಸು ಇರಲಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.