ಹೊಲಿಗೆ ಪ್ಯಾಟರ್ನಿಗೆ ಇಂಕ್‌ಸ್ಕೇಪ್ ಸಾಕು ಕಣ್ರೀ

ಬಟ್ಟೆ ಹೊಲಿಯೋರಿಗೆ ಕಂಪ್ಯೂಟರ್ ಯಾಕೆ, ಬ್ರೌನ್ ಪೇಪರು, ಟೇಪು, ಪೆನ್ಸಿಲ್ಲು ಇದ್ರೆ ಸಾಲ್ದಾ ಅಂತಾರೆ. ಒಬ್ರಿಗೆ ಒಂದು ಸಲ ಹೊಲಿಯೋಕೆ ಖಂಡಿತ ಸಾಕು. ಆದ್ರೆ ಅದೇ ಟಾಪು ಇನ್ನೊಬ್ರಿಗೆ ಬೇಕು, ಕತ್ತು ಸ್ವಲ್ಪ ಇಳಿಸ್ಬೇಕು, ಸೊಂಟ ಲೂಸ್ ಬಿಡ್ಬೇಕು ಅಂದಾಗ ಮತ್ತೆ ಮೊದಲಿಂದ ಗೆರೆ ಎಳೀತಾ ಕೂರೋದಿದ್ಯಲ್ಲ, ಅಲ್ಲೇ ಎಷ್ಟೋ ಜನ ಬಟ್ಟೆ ಕತ್ತರಿಸೋ ನಕ್ಷೆ, ಅಂದ್ರೆ ಪ್ಯಾಟರ್ನ್, ಬರೆಯೋ ಡ್ರಾಫ್ಟಿಂಗ್ ಸಹವಾಸನೇ ಬೇಡ ಅಂತ ಹಳೇ ಬಟ್ಟೆ ಇಟ್ಟು ಕಟ್ ಮಾಡೋಕೆ ಶುರು ಮಾಡ್ತಾರೆ. ನಂಗೆ ಅದು ನಿಜಕ್ಕೂ ಬೇಜಾರು.

ದುಬಾರಿ ಗಾರ್ಮೆಂಟ್ ಸಾಫ್ಟ್‌ವೇರ್ ಏನೂ ಬೇಡ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರ್ 2003ರಿಂದ ಇದೆ, ಪೂರ್ತಿ ಫ್ರೀ. ಫೋಟೋ ಎಡಿಟ್ ಮಾಡೋ ಸಾಫ್ಟ್‌ವೇರಲ್ಲಿ ಪ್ಯಾಟರ್ನ್ ಬರೀಬೇಡಿ, ಅದು ಚುಕ್ಕಿಗಳ ಲೆಕ್ಕ, ಇಲ್ಲಿ ಗೆರೆ ಅಂದ್ರೆ ಗೆರೆ, ಯಾವಾಗ ಬೇಕಾದ್ರೂ ಎಳೆದು ತಿದ್ಬಹುದು.

ನಂಗೆ ತುಂಬಾ ಇಷ್ಟವಾಗೋದು ಆರ್ಮ್‌ಹೋಲ್, ಅಂದ್ರೆ ತೋಳು ಕೂರೋ ರೌಂಡಿನ ಕೆಲಸ. ಪೇಪರ್ ಮೇಲಾದ್ರೆ ಟೇಪನ್ನ ಅಡ್ಡ ನಿಲ್ಲಿಸಿ ರೌಂಡಿನ ಉದ್ದಕ್ಕೂ ತಳ್ಕೊಂಡು ಅಳೀಬೇಕು, ಒಂದೊಂದು ಸಲ ಒಂದೊಂದು ಅಳತೆ ಬರುತ್ತೆ. ಇಲ್ಲಿ ಗೆರೆ ಸೆಲೆಕ್ಟ್ ಮಾಡಿ ಮೆಷರ್ ಪಾತ್ ಒತ್ತಿದ್ರೆ ಉದ್ದ ಅಲ್ಲೇ ಬರೆದು ತೋರಿಸುತ್ತೆ. ಮುಂದಿಂದು ಹಿಂದಿಂದು ಕೂಡಿಸಿ, ತೋಳಿನ ಮೇಲ್ಗಡೆ ರೌಂಡಿನ ಜೊತೆ ಹೋಲ್ಸಿ, ಕಮ್ಮಿ ಬಂದ್ರೆ ಗೆರೆ ಬಾಗಿಸೋ ಹಿಡಿ, ಅಂದ್ರೆ ಹ್ಯಾಂಡಲ್ ಹಿಡಿದು ಸ್ವಲ್ಪ ಉಬ್ಬಿಸಿ ಮತ್ತೆ ಅಳೀರಿ, ಅಷ್ಟೇ. ಹೀಗೆ ಹ್ಯಾಂಡಲ್ ಹಿಡಿದು ಬಾಗಿಸೋ ಗೆರೆಗೆ ಬೆಜಿಯರ್ ಅಂತ ಹೆಸರು ಬಂದಿದ್ದು 1960ರ ದಶಕದಲ್ಲಿ ರೆನೋ ಕಂಪನೀಲಿ ಕಾರ್ ಬಾಡಿ ಡಿಸೈನಿಗೆ ಬಳಸಿದ ಪಿಯರ್ ಬೆಜಿಯರ್ ಅನ್ನೋ ಇಂಜಿನಿಯರಿಂದ. ಕಾರಿನ ಬಾಗಿಗೆ ಬಳಸಿದ್ದು ತೋಳಿನ ಬಾಗಿಗೂ ಸರಿಯಾಗಿ ಕೂರುತ್ತೆ ನೋಡಿ!

ಹೊಲಿಗೆ ಮಾರ್ಜಿನ್‌ಗೆ ಗೆರೆಯ ಹೊರಗಡೆ ಇನ್ನೊಂದು ಗೆರೆ ಹಾಕೋ ಆಫ್‌ಸೆಟ್ ಇದೆ, ಆದ್ರೆ ಸುತ್ತ ಒಂದೇ ಅಗಲ ಬರುತ್ತೆ, ಕೆಳಗಡೆ ಮಡಿಕೆಗೆ ಜಾಸ್ತಿ ಬೇಕಲ್ವಾ, ಅದನ್ನ ಕೈಯಾರೆ ಸೇರಿಸ್ಬೇಕು.

ಪ್ರಿಂಟಲ್ಲಿ ಮಾತ್ರ ಹುಷಾರು. ಪುಟದ ಮೂಲೇಲಿ 10 ಸೆಂ.ಮೀ. ಚೌಕ ಹಾಕಿ, 'ಫಿಟ್ ಟು ಪೇಜ್' ತೆಗೆದು 100% ಅಂತ ಕೊಟ್ಟು, ಆ ಒಂದು ಹಾಳೆನ ಸ್ಕೇಲಲ್ಲಿ ಅಳೆದು ನೋಡಿದ್ಮೇಲೇ ಉಳಿದದ್ದು ಪ್ರಿಂಟ್ ಹಾಕಿ. ಯಾರಾದ್ರೂ ಹಳೇ ಫೈಲ್ ಕೊಟ್ರೆ ಇನ್ನೂ ಹುಷಾರಾಗಿರಿ, ಇಂಕ್‌ಸ್ಕೇಪ್‌ನ 2017ರ 0.92 ವರ್ಷನ್‌ನಲ್ಲಿ ಇಂಚಿಗೆ 90 ಪಿಕ್ಸೆಲ್ ಇದ್ದಿದ್ದು 96 ಆಯ್ತು, ಹಾಗಾಗಿ ಅಳತೆ ಕುಗ್ಗಿರ್ಬಹುದು.

ಅಳತೆ ಬದಲಾಯಿಸಿದ್ರೆ ಪ್ಯಾಟರ್ನ್ ತಾನೇ ಬದಲಾಗೋ ಸೀಮ್ಲಿ2ಡಿ ಅನ್ನೋ ಸಾಫ್ಟ್‌ವೇರ್ ಕೂಡ ಫ್ರೀನೇ, ತುಂಬಾ ಜನಕ್ಕೆ ಹೊಲಿಯೋರು ಅದನ್ನ ನೋಡಿ. ಆದ್ರೆ ಅಲ್ಲಿ ಎಲ್ಲಾ ಫಾರ್ಮುಲಾ, ಕೈಯಲ್ಲಿ ಬರೆದು ರೂಢಿ ಇರೋರಿಗೆ ಇಂಕ್‌ಸ್ಕೇಪ್ ಬೇಗ ಹತ್ತುತ್ತೆ.

ಕೈ ವಿದ್ಯೆ ಹೋಗ್ಬಿಡುತ್ತೆ ಅನ್ನೋ ಮಾತು ನಾನು ಒಪ್ಪಲ್ಲ. ಮೈಗೆ ಕೂರೋಕೆ ಮಡಿಸಿ ಹೊಲಿಯೋ ಡಾರ್ಟ್ ಎಲ್ಲಿ ಬರ್ಬೇಕು, ಬಟ್ಟೆ ಎಷ್ಟು ಎಳೆಯುತ್ತೆ ಅನ್ನೋದು ಸ್ಕ್ರೀನಿಗೆ ಗೊತ್ತಾಗಲ್ಲ, ಅದಕ್ಕೆ ನಿಮ್ಮ ಕಣ್ಣೇ ಬೇಕು. ಮೊದಲು ಹಳೇ ಬೆಡ್‌ಶೀಟಲ್ಲಿ ಹೊಲಿದು ಹಾಕಿ ನೋಡಿ, ಎಲ್ಲಿ ಪಿನ್ ಹಾಕಿ ಹಿಡಿದ್ರೋ ಅದನ್ನ ಅದೇ ದಿನ ಫೈಲಲ್ಲೂ ತಿದ್ದಿ, ಯಾರ ಅಳತೆ, ಯಾವ ತಾರೀಖು ಅಂತ ಹೆಸರು ಕೊಟ್ಟು ಸೇವ್ ಮಾಡಿ.